ಇಸ್ತ್ರಿ ಅಕ್ಕನ ಅರ್ಧ ಹಾಡು

ಕಳೆದ ತಿಂಗಳು ಒಬ್ಬ ಕಾಲೇಜು ಹುಡುಗಿಯ ಕಾಗದ ಬಂತು. “ನೀವು ಮಾತೆತ್ತಿದರೆ ಪಂಕ್ ಸಂಗೀತ ಅಂತೀರಿ. ಹಾಗಾದರೆ ಈ ಪೋಸ್ಟ್-ಪಂಕ್ ಅಂದರೇನು? ಪಂಕ್ ಮುಗಿದ ಮೇಲೆ ಬಂದದ್ದಾ, ಪಂಕ್ ಬೇಡ ಅಂತ ಬಂದದ್ದಾ? ಒಂದು ವಾರದ ಅಂಕಣದಲ್ಲಿ ಬಿಡಿಸಿ ಹೇಳಿ” ಎಂದು ಕೇಳಿದ್ದಳು. ಇದೇನು ಮಹಾ ಅಂದುಕೊಂಡೆ. ಇಪ್ಪತ್ತು ವರ್ಷದಿಂದ ಊರವರನ್ನೆಲ್ಲ ಬೈದೇ ಅನ್ನ ತಿಂದವನು ನಾನು. ಮೂರು ಸಾಲು ಸರಾಗವಾಗಿ ಬರೆದೆ. ನಾಲ್ಕನೆಯದಕ್ಕೆ ಕೈ ಓಡಲಿಲ್ಲ.

ಯಾಕೆಂದರೆ ಆ ಪ್ರಶ್ನೆಗೆ ನಾನು ಕಣ್ಣಾರೆ ಕಂಡ ಉತ್ತರ ಒಬ್ಬ ಹೆಂಗಸು. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತಾರು ವರ್ಷದಿಂದ ದುಡಿಯುತ್ತಿದ್ದಾಳೆ. ಅವಳಿಗೆ ನಾನು ಮಾಡಿದ್ದನ್ನು ಬಚ್ಚಿಟ್ಟು ಈ ಅಂಕಣ ಬರೆದರೆ ಅದು ಅಂಕಣವಲ್ಲ, ಕಳ್ಳತನ.

ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ತಾಯಿಯ ಮಂಡಿ ಕೈಕೊಟ್ಟ ವರ್ಷ, ತಾಯಿಯ ಜಾಗಕ್ಕೆ, ಹದಿನೇಳರ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಳು. ನೆಲಮಾಳಿಗೆ, ಹಬೆ, ಮೇಲಿನ ವಾರ್ಡುಗಳಿಂದ ಕೊಳವೆಯಲ್ಲಿ ಧೊಪ್ಪೆಂದು ಬಂದು ಬೀಳುವ ಗಂಟುಗಳು. ಆಳೆತ್ತರದ ಒಗೆಯುವ ಯಂತ್ರ ಒಂದು ದಿಕ್ಕಿಗೆ ತಿರುಗಿ, ಒಂದು ಕ್ಷಣ ಸುಮ್ಮನೆ ನಿಂತು, ಇನ್ನೊಂದು ದಿಕ್ಕಿಗೆ ತಿರುಗುತ್ತಿತ್ತು. ಒಗೆದ ಬೆಡ್‌ಶೀಟುಗಳು ಅಲ್ಲಿಂದ ಇಸ್ತ್ರಿ ಮಾಡುವ ಕಾದ ಉರುಳೆಗೆ ಬರಬೇಕು. ಮಂಚದಷ್ಟು ಅಗಲದ ಉರುಳೆ. ಇಬ್ಬರು ಹೆಂಗಸರು ಶೀಟಿನ ಎರಡು ಮೂಲೆ ಹಿಡಿದು ಅದರ ಬಾಯಿಗೆ ಕೊಡುತ್ತಾರೆ, ಆಚೆ ಬದಿಯಲ್ಲಿ ಇನ್ನಿಬ್ಬರು ಹಿಡಿದು ಮಡಿಸುತ್ತಾರೆ. ಹೀಗೆ ಜೊತೆಯಲ್ಲಿ ಶೀಟು ಕೊಡುವವರನ್ನು ಅಲ್ಲಿ ಜೋಡಿ ಅನ್ನುತ್ತಾರೆ. ಅಕ್ಕನ ಜೋಡಿ ಅವಳ ವಯಸ್ಸಿನವಳೇ ಒಬ್ಬಳು. ಏಳು ವರ್ಷ ಜೊತೆಯಾಗಿ ನಿಂತು ನಿಂತು ಆ ಹೆಂಗಸಿಗೆ ಜೋಡಿ ಅನ್ನುವುದೇ ಹೆಸರಾಗಿ ಹೋಗಿತ್ತು.

ಅಕ್ಕನ ತಮ್ಮ ನನ್ನ ಸಹಪಾಠಿ. ಶಾಲೆಯಲ್ಲಿ ಬೆಂಚು, ತಟ್ಟೆ, ಬಕೆಟು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದುದರಿಂದ ಅವನು ಡಬ್ಬ. ನನ್ನ ಹೆಸರು ಗಂಟಲು. ಅದರ ಹಿಂದೆಯೂ ಒಂದು ಕಥೆ ಇದೆ. ಹತ್ತನೆಯದು ಫೇಲಾಗಿ ಅಚ್ಚುಕೂಟದಲ್ಲಿ ಕಾಗದ ಕತ್ತರಿಸುವ ಕೆಲಸಕ್ಕೆ ಸೇರಿದ್ದ ಕಾಲ. ಹಾಡು ಕಲಿಯುತ್ತೇನೆಂದು ಒಬ್ಬ ಸಂಗೀತದ ಮೇಷ್ಟ್ರ ಹತ್ತಿರ ಹೋಗಿದ್ದೆ. ಅವರು ಎರಡು ಸ್ವರ ಹಾಡಿಸಿ, “ಗಂಟಲಿದೆ ಕಣಯ್ಯ, ಕಿವಿ ಇಲ್ಲ” ಎಂದು ಬಾಗಿಲು ತೋರಿಸಿದರು. ಜೊತೆಗೆ ಬಂದಿದ್ದ ಡಬ್ಬ ಅದನ್ನು ಬೀದಿಗೆಲ್ಲ ಹಂಚಿದ.

ಆ ಸಿಟ್ಟಿನಲ್ಲಿದ್ದಾಗಲೇ ನಮ್ಮ ಕೈಗೆ ಒಂದು ಕ್ಯಾಸೆಟ್ ಸಿಕ್ಕಿತು. ನಕಲಿನ ನಕಲು, ಅರ್ಧ ಹಾಡು ಅರ್ಧ ಸರಸರ ಸದ್ದು. ಹಾಕಿ ಕೇಳಿದೆವು. ಯಾರೋ ಗಿಟಾರಿನಲ್ಲಿ ಮೂರೇ ಮೂರು ಸ್ವರಗುಚ್ಛ, ಅಂದರೆ ಕಾರ್ಡ್, ಹಿಡಿದು, ಉಸಿರು ಕಟ್ಟುವ ವೇಗದಲ್ಲಿ, ಶ್ರುತಿಯ ಗೊಡವೆ ಇಲ್ಲದೆ ಕಿರುಚುತ್ತಿದ್ದ. ಹಾಡು ಎರಡು ನಿಮಿಷಕ್ಕೆ ಮುಗಿದೇ ಹೋಯಿತು. ಡಬ್ಬ ನನ್ನ ಮುಖ ನೋಡಿ, “ಲೋ, ಇದು ನಮ್ಗೂ ಬರುತ್ತೆ” ಅಂದ.

ಪಂಕ್ ಅಂದರೆ ಅಷ್ಟೇ. “ಇದು ನಮಗೂ ಬರುತ್ತೆ.” ಎಪ್ಪತ್ತರ ದಶಕದ ನಡುವಿನಲ್ಲಿ ಪಶ್ಚಿಮದ ಕೆಲವು ನಗರಗಳಲ್ಲಿ ಹುಟ್ಟಿದ ಮಾತು ಅದು. ಆಗ ರಾಕ್ ಸಂಗೀತಕ್ಕೆ ಬೊಜ್ಜು ಬಂದಿತ್ತು. ಒಂದೊಂದು ಹಾಡು ಇಪ್ಪತ್ತು ನಿಮಿಷ, ವೇದಿಕೆಯ ತುಂಬ ಹೊಗೆ, ಬೆರಳ ಚಳಕ ತೋರಿಸುವ ಪಂಡಿತರು. ಕೆಲಸವಿಲ್ಲದ, ಕಲಿಕೆಯಿಲ್ಲದ ಹುಡುಗ ಹುಡುಗಿಯರು ಬಂದು ಆ ಬಾಗಿಲನ್ನು ಒದ್ದರು. ಚೆನ್ನಾಗಿ ನುಡಿಸುವುದಕ್ಕಿಂತ ಹೇಳುವುದಕ್ಕೆ ಏನಾದರೂ ಇರುವುದು ಮುಖ್ಯ ಅಂದರು. ಕಿವಿ ಇಲ್ಲ ಎಂದು ಮೇಷ್ಟ್ರು ಓಡಿಸಿದವನಿಗೆ ಅದು ಎಂಥ ಮಾತು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ನಾವು ತಂಡ ಕಟ್ಟಿದೆವು. ಹಳೆ ಗಿಟಾರು ಹಿಡಿದು ಕಿರುಚುವುದು ನಾನು, ಬಡಿಯುವುದು ಡಬ್ಬ. ಬೇಸ್ ಗಿಟಾರಿಗೆ ಜನ ಸಿಗಲಿಲ್ಲ. ನಾಲ್ಕೇ ದಪ್ಪ ತಂತಿಯ, ಹಿಂದೆ ನಿಂತು ಧಂ ಧಂ ಅನ್ನುವ ಆ ವಾದ್ಯ ಯಾರಿಗೂ ಬೇಡ. ಅಕ್ಕ ಅದನ್ನು ಎತ್ತಿಕೊಂಡು ಒಂದು ತಂತಿ ಮೀಟಿ ನೋಡಿದಳು.

“ಇದು ನನಗಿರ್ಲಿ. ತೆಳು ತಂತಿ ನನ್ನ ಬೆರಳಿಗೆ ಗೊತ್ತೇ ಆಗಲ್ಲ, ಸುಟ್ಟು ಸುಟ್ಟು ಮರಗಟ್ಟಿದೆ.”

ಭಾನುವಾರ ಮಧ್ಯಾಹ್ನ ಅವರ ಮನೆಯ ಮುಂದಿನ ಕೋಣೆಯಲ್ಲಿ ಅಭ್ಯಾಸ. ಸದ್ದು ಹೊರಗೆ ಹೋಗದಿರಲೆಂದು ಕಿಟಕಿಗೆ ಹಾಸಿಗೆ ಒರಗಿಸುತ್ತಿದ್ದೆವು. ಆದರೂ ಪಕ್ಕದ ಮನೆಯವರು ಗೋಡೆ ಗುದ್ದುತ್ತಿದ್ದರು. ಅವರ ಗುದ್ದು ತಾಳಕ್ಕೆ ಸರಿಯಾಗಿದೆ, ಅವರನ್ನೂ ತಂಡಕ್ಕೆ ಸೇರಿಸಿಕೊಳ್ಳೋಣ ಅನ್ನುತ್ತಿದ್ದಳು ಅಕ್ಕ. ಅವರಮ್ಮ ಒಳಗಿನ ಮಂಚದಿಂದಲೇ ಕೂಗುತ್ತಿದ್ದರು: “ಹೊಟ್ಟೆನೋವು ಯಾರಿಗ್ರೋ? ಕಷಾಯ ಮಾಡ್ಕೊಡ್ಲಾ?”

ಇನ್ನು ನನ್ನ ಪ್ರತಾಪ. ಅಚ್ಚುಕೂಟದಲ್ಲಿ ಕತ್ತರಿಸಿ ಉಳಿದ ಕಾಗದದ ಮೇಲೆ ಪಂಕಿನ ಹತ್ತು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಒಂದನೆಯದು: ಹೇಗೆ ನುಡಿಸಬೇಕೆಂದು ಯಾರೂ ಯಾರಿಗೂ ಹೇಳತಕ್ಕದ್ದಲ್ಲ. ನಾಲ್ಕನೆಯದು: ಯಾವ ಹಾಡೂ ಎರಡು ನಿಮಿಷ ಮೀರತಕ್ಕದ್ದಲ್ಲ. ನಾಲ್ಕನೆಯದನ್ನು ಕಾಯಲು ಮೊಟ್ಟೆ ಬೇಯಿಸುವಾಗ ಇಡುವ, ತಿರುಗಿಸಿ ಬಿಟ್ಟರೆ ಟಿಕ್ ಟಿಕ್ ಎಂದು ಬಂದು ಕಿರ್ರೆನ್ನುವ ಗಂಟೆ ತಂದು ಡಬ್ಬಿ ಸ್ಪೀಕರಿನ ಮೇಲಿಟ್ಟೆ. ಅದು ಕಿರ್ರೆಂದರೆ ಹಾಡು ಎಲ್ಲಿದ್ದರೂ ನಿಲ್ಲಬೇಕು. ಮಾತಿನ ನಡುವೆಯಾದರೂ ಸರಿ.

“ಮೊಟ್ಟೆಗಾದ್ರೂ ಮೂರು ನಿಮಿಷ ಕೊಡ್ತಾರಪ್ಪ, ಹಾಡಿಗೆ ಎರಡೇನಾ?” ಅಂದಳು ಅಕ್ಕ.

“ಎರಡರ ಮೇಲೆ ಹೋದ್ರೆ ಅದು ಪಂಡಿತಗಿರಿ ಅಕ್ಕ.”

“ಸರಿ ಕಣೋ ಗಂಟಲು. ಮೊದಲನೇ ನಿಯಮ ಓದ್ಲಾ, ನಾಲ್ಕನೇದ್ ಓದ್ಲಾ?”

ಡಬ್ಬ ನಕ್ಕ. ನಾನು ನಗಲಿಲ್ಲ. ನಿಯಮ ಮುರಿಯುವವರ ನಿಯಮಕ್ಕೆ ನಗಬಾರದು ಅನ್ನುವುದು ಬಹುಶಃ ನನ್ನ ಹನ್ನೊಂದನೆಯ ನಿಯಮ.

ಒಂದು ವರ್ಷ ಹೀಗೇ ನಡೆಯಿತು. ನಮ್ಮ ಕಿರುಚಾಟ ಕೇಳಲು ಇಪ್ಪತ್ತು ಹುಡುಗರ ಒಂದು ಗುಂಪೂ ಹುಟ್ಟಿಕೊಂಡಿತು. ಎಲ್ಲರದೂ ಒಂದೇ ಥರದ ಹರಕು ಅಂಗಿ, ಒಂದೇ ಥರದ ಪಿನ್ನು. ನಾಲ್ಕು ಪುಟದ ಒಂದು ಪತ್ರಿಕೆಯನ್ನೂ ಜೆರಾಕ್ಸ್ ಮಾಡಿ ಹಂಚತೊಡಗಿದೆ. ಅದರಲ್ಲಿ ಯಾರು ನಿಜವಾದ ಪಂಕ್, ಯಾರು ಅಲ್ಲ ಎಂದು ತೀರ್ಪು ಕೊಡುವವನು ನಾನೊಬ್ಬನೇ.

ಅಷ್ಟು ಹೊತ್ತಿಗೆ ಅಕ್ಕನ ಬೇಸ್ ಬದಲಾಗುತ್ತಿತ್ತು. ನನ್ನ ಗಿಟಾರಿನ ಹಿಂದೆ ಓಡುವುದನ್ನು ಬಿಟ್ಟು ಅದು ತನ್ನಷ್ಟಕ್ಕೆ ಮುಂದೆ ನಡೆಯತೊಡಗಿತು. ಎಂಟು ಹೆಜ್ಜೆ ಒಂದು ಕಡೆಗೆ, ಆಮೇಲೆ ಏನೂ ಇಲ್ಲ, ಆಮೇಲೆ ಎಂಟು ಹೆಜ್ಜೆ ಹಿಂದಕ್ಕೆ. ಆ ‘ಏನೂ ಇಲ್ಲ’ ಬಂದಾಗ ಕೋಣೆಯ ಗಾಳಿಯೇ ನಿಂತಂತಾಗುತ್ತಿತ್ತು.

“ಇದೆಲ್ಲಿಂದ ತಂದೆ ಅಕ್ಕ?” ಡಬ್ಬ ಕೇಳಿದ.

“ಒಗೆಯೋ ಮಿಷನ್ನು. ದಿನಾ ಎಂಟು ಗಂಟೆ ಕೇಳ್ತೀನಲ್ಲ. ತಿರುಗೋವಾಗ ಯಾರ ಮಾತೂ ಕೇಳಲ್ಲ. ಅದು ನಿಂತಾಗ್ಲೇ ನಾವು ಒಬ್ಬರಿಗೊಬ್ಬರು ಏನಾದ್ರೂ ಹೇಳೋದು.”

ಅದಕ್ಕೆ ಮಾತುಗಳನ್ನೂ ಕಟ್ಟಿದ್ದಳು. ಹಾಡುತ್ತಿರಲಿಲ್ಲ, ಕಿರುಚುತ್ತಲೂ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಹೇಳಿಕೊಡುವ ದನಿಯಲ್ಲಿ ಒಂದೊಂದೇ ಹೇಳುತ್ತಿದ್ದಳು. “ರಕ್ತಕ್ಕೆ ತಣ್ಣೀರು. ಬಿಸಿನೀರು ಹಾಕಿದರೆ ಕಲೆ ಕೂರುತ್ತೆ. ಯಾರದು ಅಂತ ಕೇಳಬೇಡ. ಮೂಲೆ ಹಿಡಿ. ನನ್ನ ಕಡೆ ನೋಡು. ಬಿಡು.” ಮೈ ಜುಂ ಅಂತಿತ್ತು. ಜುಂ ಅಂದದ್ದನ್ನು ನಾನು ಒಪ್ಪಿಕೊಳ್ಳಲಿಲ್ಲ. ಪ್ರತಿ ಭಾನುವಾರ ಎರಡು ನಿಮಿಷಕ್ಕೆ ಗಂಟೆ ಕಿರ್ರೆನ್ನುತ್ತಿತ್ತು, ಅವಳು ನಿಲ್ಲಿಸುತ್ತಿದ್ದಳು. ಹೀಗಾಗಿ ಆ ಹಾಡಿನ ಕೊನೆ ಹೇಗಿದೆ ಎಂದು ಅವಳ ತಂಡದವರಾದ ನಮಗೇ ಗೊತ್ತಿರಲಿಲ್ಲ. ಕೇಳಬೇಕು ಎಂದು ನನಗೆ ಅನ್ನಿಸಲೂ ಇಲ್ಲ.

ಕಾಗದ ಬರೆದ ಹುಡುಗಿಗೆ ಉತ್ತರ ಹೇಳುವ ಜಾಗ ಇದೇ. ಪಂಕ್ ಬಾಗಿಲು ಮುರಿದ ಎರಡು ಮೂರು ವರ್ಷದೊಳಗೆ, ಪಶ್ಚಿಮದಲ್ಲೂ ಅದು ಒಂದು ಸಮವಸ್ತ್ರವಾಗುತ್ತ ಬಂತು. ಅದೇ ಅಂಗಿ, ಅದೇ ವೇಗ, ಅದೇ ಮೂರು ಸ್ವರಗುಚ್ಛ. ಆಗ ಕೆಲವರು, ಅದರಲ್ಲಿ ಪಂಕ್ ನುಡಿಸುತ್ತಿದ್ದವರೂ ಇದ್ದರು, ಬಾಗಿಲು ಮುರಿದಾಯಿತು, ಒಳಗೆ ಹೋಗಿ ಏನು ಮಾಡುವುದು ಎಂದು ಕೇಳಿಕೊಂಡರು. ಪಂಕ್ ಕೊಟ್ಟ ಧೈರ್ಯವನ್ನು ಇಟ್ಟುಕೊಂಡರು, ಅದರ ಅಂಗಿಯನ್ನು ಕಳಚಿಟ್ಟರು. ಹಿಂದೆ ನಿಂತಿದ್ದ ಬೇಸ್ ಮುಂದೆ ಬಂತು. ಗಿಟಾರು ತೆಳ್ಳಗೆ, ಗೀರಿದ ಹಾಗೆ ಕೇಳತೊಡಗಿತು. ಕುಣಿತದ ಸಂಗೀತದಿಂದ ತಾಳ ಬಂತು, ಕೆರಿಬಿಯನ್ ದ್ವೀಪದವರಿಂದ ಪ್ರತಿಧ್ವನಿಯ ಬಳಕೆ ಬಂತು, ಯಂತ್ರಗಳಿಂದ ಸದ್ದು ಬಂತು. ಮೌನವೂ ಒಂದು ವಾದ್ಯವಾಯಿತು. ಅಡುಗೆಮನೆ, ಕಾರ್ಖಾನೆ, ಕಚೇರಿ, ಹಾಸಿಗೆ, ಎಲ್ಲವೂ ಹಾಡಿನ ವಿಷಯವಾಯಿತು. ಇದೆಲ್ಲಕ್ಕೂ ಸೇರಿಸಿ ಪೋಸ್ಟ್-ಪಂಕ್ ಎಂದು ಹೆಸರಿಟ್ಟರು. ಅದು ಒಂದೇ ಬಗೆಯ ಸದ್ದಲ್ಲ. ಕ್ಯಾಲೆಂಡರಿನಲ್ಲಿ ಪಂಕಿನ ನಂತರವೇ ಬಂದದ್ದು ಎಂದೂ ಅಲ್ಲ, ಕೆಲವರು ಪಂಕಿನ ಪಕ್ಕದಲ್ಲೇ ಅದನ್ನು ಶುರುಮಾಡಿದ್ದರು. ಪಂಕಿಗೆ ಶತ್ರುವಂತೂ ಅಲ್ಲವೇ ಅಲ್ಲ. ಪಂಕ್ ಆಡಿದ ಮಾತನ್ನು ಪಂಕಿಗಿಂತ ಗಂಭೀರವಾಗಿ ನಂಬಿದವರ ಕೆಲಸ ಅದು.

ಇದನ್ನೆಲ್ಲ ನಾನು ಆಮೇಲೆ ಪುಸ್ತಕದಲ್ಲಿ ಓದಿ ತಿಳಿದೆ. ಅಕ್ಕ ಒಂದು ಪುಟವನ್ನೂ ಓದದೆ, ನನ್ನಿಂದ ಎರಡು ಮಾರು ದೂರದಲ್ಲಿ ನಿಂತು ಅದನ್ನು ಮಾಡುತ್ತಿದ್ದಳು. ನಾನು ಗಂಟೆ ತಿರುಗಿಸುತ್ತಿದ್ದೆ.

ಆ ವರ್ಷವೇ ಜೋಡಿಯ ಕೈ ಉರುಳೆಗೆ ಸಿಕ್ಕಿತು.

ಉರುಳೆಯ ಬಾಯಿಯ ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ. ಬೆರಳು ತಾಗಿದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಆದರೆ ದಪ್ಪ ಹೊದಿಕೆ ಹೋದಾಗಲೂ ತಾಗಿ ನಿಲ್ಲುತ್ತದೆ, ಕೆಲಸ ತಡವಾಗುತ್ತದೆ. ಅದಕ್ಕೆ ಮೇಲ್ವಿಚಾರಕ ಆ ಪಟ್ಟಿಯನ್ನು ತಂತಿಯಿಂದ ಎತ್ತಿ ಕಟ್ಟಿಸಿದ್ದ. ನಲವತ್ತು ಹೆಂಗಸರೂ ಅದನ್ನು ದಿನಾ ನೋಡುತ್ತಿದ್ದರು. ಜೋಡಿಯ ಬಲಗೈಯ ನಾಲ್ಕು ಬೆರಳು ಹೋದವು. ಮರುದಿನ ಬೆಳಿಗ್ಗೆ ತಂತಿ ಮಾಯ, ಪಟ್ಟಿ ತನ್ನ ಜಾಗದಲ್ಲಿ. ‘ಕೆಲಸಗಾರಳ ಅಜಾಗರೂಕತೆ’ ಎಂದು ಬರೆದುಕೊಂಡರು. ವಿಚಾರಣೆ ನಿಗದಿಯಾಯಿತು. ತಂತಿ ಕಟ್ಟಿದ್ದನ್ನು ನೋಡಿದ್ದೇವೆ ಎಂದು ಹತ್ತು ಜನ ಹೇಳಿದರೂ ಜೋಡಿಯ ಕೆಲಸ ಉಳಿಯುತ್ತಿತ್ತು. ಅಕ್ಕ ಒಬ್ಬೊಬ್ಬರ ಮನೆಗೂ ಹೋದಳು. ಎಲ್ಲರದೂ ಒಂದೇ ಉತ್ತರ: ಮೊದಲು ಬೇರೆಯವರು ಹೇಳಲಿ, ಆಮೇಲೆ ನೋಡೋಣ.

ಆಗ ಅವಳು ಆ ಹಾಡಿನ ಕೊನೆಯನ್ನು ಬದಲಾಯಿಸಿದಳು. ಕೆಲಸ ಹೇಳಿಕೊಡುತ್ತ ಹೋಗಿ, ಕೊನೆಗೆ “ಪಟ್ಟಿ ಎತ್ತಿ ಕಟ್ಟಿದ್ದನ್ನು ಯಾರು ನೋಡಿದಿರಿ?” ಎಂದು ಕೇಳುವುದು. ಅಲ್ಲಿಗೆ ಬೇಸು, ಡ್ರಮ್ಮು ಎಲ್ಲ ನಿಲ್ಲುವುದು. ಆ ಮೌನದಲ್ಲಿ ಎದ್ದು ನಿಲ್ಲುತ್ತೇವೆ ಎಂದು ಇಬ್ಬರು ಹೆಂಗಸರು ಮಾತು ಕೊಟ್ಟಿದ್ದರು. ಇಬ್ಬರು ಎದ್ದರೆ ಉಳಿದವರು ಏಳುತ್ತಾರೆ ಎಂಬುದು ಅಕ್ಕನ ನಂಬಿಕೆ. ಒಬ್ಬೊಬ್ಬರನ್ನೇ ಕೇಳಿದರೆ ಒಬ್ಬೊಬ್ಬರಾಗಿ ಹೆದರುತ್ತಾರೆ, ಒಟ್ಟಿಗೆ ಕೇಳಬೇಕು.

ಇಷ್ಟೆಲ್ಲ ಈಗ ನಿಮಗೆ ಗೊತ್ತು. ಆಗ ನನಗೆ ಗೊತ್ತಿರಲಿಲ್ಲ. ಡಬ್ಬನಿಗೆ ಹೇಳಿದ್ದಳು. ನನಗೆ ಹೇಳಿದರೆ ಊರಿಗೆ ಡಂಗುರ ಸಾರಿದ ಹಾಗೆ ಎಂದು ಹೇಳಿರಲಿಲ್ಲ. ಆ ಲೆಕ್ಕ ತಪ್ಪು ಅನ್ನಲು ನನಗೆ ಬಾಯಿಲ್ಲ.

ಕಾರ್ಮಿಕ ಸಂಘದ ಸಭಾಂಗಣದಲ್ಲಿ ಭಾನುವಾರ ಮೂರು ಗಂಟೆಗೆ ನಮ್ಮ ಕಾರ್ಯಕ್ರಮ. ವಿಚಾರಣೆ ಅದರ ನಂತರದ ಗುರುವಾರ. ವೇದಿಕೆ ಹತ್ತುವ ಮೊದಲು ಅಕ್ಕ ನನ್ನ ತೋಳು ಹಿಡಿದಳು. ಅವಳು ಯಾರನ್ನೂ ಹಾಗೆ ಹಿಡಿಯುವವಳಲ್ಲ.

“ಗಂಟಲು, ಕೊನೇ ಹಾಡು ನಂದು. ಈ ಒಂದು ಸಲ ಪೂರ್ತಿ ಬಿಡು. ಐದು ನಿಮಿಷ.”

“ಐದಾ? ಹುಡುಗ್ರು ಕಲ್ಲು ಹೊಡೀತಾರೆ ಅಕ್ಕ.”

“ಹೊಡೀಲಿ. ಬಿಡ್ತೀಯೋ ಇಲ್ವೋ?”

“ನೋಡೋಣ ನಡಿ.”

ನೋಡೋಣ ಅಂದರೆ ಬಿಡುತ್ತೇನೆ ಎಂದು ಅವಳು ತಿಳಿದುಕೊಂಡಳು. ಅವಳ ಜೊತೆ ಕೆಲಸ ಮಾಡುವವರು ಮುಂದಿನ ಮೂರು ಸಾಲು ತುಂಬಿದ್ದರು, ಒಗೆದು ಗರಿಗರಿ ಇಸ್ತ್ರಿ ಮಾಡಿದ ಬಟ್ಟೆ, ಮಡಿಲಲ್ಲಿ ಕೈ. ಜೋಡಿ ಬಂದಿರಲಿಲ್ಲ, ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಹಿಂದೆ ನಮ್ಮ ಇಪ್ಪತ್ತು ಹುಡುಗರು ಕುರ್ಚಿ ಸರಿಸಿ ನಿಂತಿದ್ದರು. ನನ್ನ ಹಾಡುಗಳಿಗೆ ಅವರು ಕುಣಿದರು, ಹೆಂಗಸರು ಕಿವಿ ಮುಚ್ಚಿಕೊಂಡರು. ಆಮೇಲೆ ಅಕ್ಕ ಮುಂದೆ ಬಂದಳು. ಎಂಟು ಹೆಜ್ಜೆ, ಮೌನ, ಎಂಟು ಹೆಜ್ಜೆ. ಕಿವಿ ಮುಚ್ಚಿದ್ದ ಕೈಗಳು ಒಂದೊಂದೇ ಕೆಳಗಿಳಿದವು. “ರಕ್ತಕ್ಕೆ ತಣ್ಣೀರು” ಅಂದಾಗ ಮೊದಲ ಸಾಲಿನ ಮುದುಕಿಯೊಬ್ಬಳು ತಲೆಯಾಡಿಸಿದಳು. ತಮ್ಮ ಯಂತ್ರವನ್ನು ಅವರು ಗುರುತು ಹಿಡಿದಿದ್ದರು.

ನಾನು ಎಂದಿನಂತೆ ತಂದು ತಿರುಗಿಸಿಟ್ಟಿದ್ದ ಗಂಟೆ ಕಿರ್ರೆಂದಿತು. ಅಕ್ಕ ನಿಲ್ಲಿಸಲಿಲ್ಲ. ಡಬ್ಬನೂ ನಿಲ್ಲಿಸಲಿಲ್ಲ. ಹಿಂದಿನಿಂದ ಹುಡುಗರು ಕೂಗತೊಡಗಿದರು.

“ಟೈಮಾಯ್ತು! ಟೈಮಾಯ್ತು!”

“ಲಾಲಿ ಹಾಡ್ತಾ ಇದ್ದಾಳೆ, ತೊಟ್ಟಿಲು ತನ್ರೋ!”

ಆಮೇಲೆ ಎಲ್ಲರೂ ಸೇರಿ, ಚಪ್ಪಾಳೆ ತಟ್ಟುತ್ತ, “ನಿಯಮ! ನಿಯಮ! ನಿಯಮ!”

ಪಂಕಿನ ಹುಡುಗರು ನಿಯಮ ನಿಯಮ ಎಂದು ಕೂಗುತ್ತಿದ್ದರು, ಮತ್ತು ನನಗೆ ಹೆಮ್ಮೆಯಾಗುತ್ತಿತ್ತು. ಮೂರು ನಿಮಿಷ ದಾಟಿತು. ಎರಡನೆಯ ಸಾಲಿನಲ್ಲಿ ಇಬ್ಬರು ಹೆಂಗಸರು ಕುರ್ಚಿಯ ತುದಿಗೆ ಸರಿದು, ಮುಂದಿನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದು ಕಾಣಿಸಿತು. ಬೇಸತ್ತು ಎದ್ದು ಹೋಗುತ್ತಿದ್ದಾರೆ ಅಂದುಕೊಂಡೆ. ಅಕ್ಕನ ಮಾನ ಉಳಿಸುತ್ತಿದ್ದೇನೆ ಎಂದೂ ಒಂದು ಕ್ಷಣ ಅನ್ನಿಸಿತು, ಅದನ್ನೂ ಬರೆದುಬಿಡುತ್ತೇನೆ. ಬಾಗಿ, ಬೇಸೂ ಮೈಕೂ ಸೇರಿದ್ದ ಅವಳ ಸ್ಪೀಕರಿನ ಪ್ಲಗ್ ಕಿತ್ತೆ.

ಡಬ್ಬ ಇನ್ನೂ ನಾಲ್ಕು ಏಟು ಬಡಿದ, ಆಮೇಲೆ ಅವನಿಗೂ ತಿಳಿಯಿತು. ಹುಡುಗರು ಶಿಳ್ಳೆ ಹೊಡೆದರು. ಅಕ್ಕ ಸದ್ದಿಲ್ಲದ ತಂತಿಯ ಮೇಲೆ ಬೆರಳಿಟ್ಟುಕೊಂಡೇ ಬಾಯಿ ತೆರೆದು ಏನೋ ಹೇಳಿದಳು. ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಎರಡನೆಯ ಸಾಲಿನ ಇಬ್ಬರು ಕುರ್ಚಿಯ ಬೆನ್ನು ಬಿಟ್ಟು ಹಿಂದಕ್ಕೆ ಒರಗಿದರು.

ಮೆಟ್ಟಿಲ ಹತ್ತಿರ ಅವಳು ನನಗೆ ಹೇಳಿದ್ದು ಒಂದೇ ಮಾತು. “ಇನ್ನೊಂದು ನಿಮಿಷ ಕಣೋ.” ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ.

ಮಂಗಳವಾರ ನನ್ನ ಜೆರಾಕ್ಸ್ ಪತ್ರಿಕೆ ಹೊರಬಂತು. ‘ಪಂಕಿನ ಹೆಸರಲ್ಲಿ ನಿದ್ದೆಮಾತ್ರೆ’ ಎಂದು ತಲೆಬರಹ. ಗುರುವಾರ ವಿಚಾರಣೆಯಲ್ಲಿ ಅಕ್ಕ ಒಬ್ಬಳೇ ನಿಂತು, ಪಟ್ಟಿ ಕಟ್ಟಿದ್ದನ್ನು ನೋಡಿದ್ದೇನೆ ಅಂದಳು. ಮೇಲ್ವಿಚಾರಕ ಇಲ್ಲ ಅಂದ. ಇನ್ಯಾರಾದರೂ ಇದ್ದೀರಾ ಎಂದು ಕೇಳಿದಾಗ ಯಾರೂ ಇರಲಿಲ್ಲ. ಜೋಡಿಯ ಕೆಲಸ ಹೋಯಿತು. ಅಕ್ಕನನ್ನು ಉರುಳೆಯಿಂದ ತೆಗೆದು, ಕೊಳವೆಯಲ್ಲಿ ಬೀಳುವ ಗಂಟುಗಳನ್ನು ಬಿಚ್ಚಿ ವಿಂಗಡಿಸುವ ಕಡೆ ಹಾಕಿದರು. ಅಲ್ಲಿ ಒಂಬತ್ತು ವರ್ಷ ಇದ್ದಳು.

ಇದನ್ನೆಲ್ಲ ಹೇಳಿದವನು ಡಬ್ಬ. ಹತ್ತು ದಿನ ಬಿಟ್ಟು ಅಚ್ಚುಕೂಟಕ್ಕೆ ಬಂದು ನನ್ನ ಕಾಗದ ಕತ್ತರಿಸುವ ಯಂತ್ರದ ಪಕ್ಕ ನಿಂತ. ಆ ಯಂತ್ರಕ್ಕೆ ಎರಡು ಗುಂಡಿ, ಎರಡು ಕೈಯಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ.

“ಎರಡು ಗುಂಡಿ ಯಾಕಿಟ್ಟಿದಾರೆ ಗೊತ್ತಲ್ಲ?” ಅಂದ.

“ಕೈ ಒಳಗೆ ಉಳೀಬಾರ್ದು ಅಂತ.”

“ಒಂದು ಗುಂಡೀನ ಯಾರಾದ್ರೂ ಕಟ್ಟಿಹಾಕಿದ್ರೆ?”

ಆಮೇಲೆ ಎಲ್ಲ ಹೇಳಿದ. ನನಗೆ ಬೆವರು ಬಂತು. ಬಾಯಿಗೆ ಬಂದದ್ದು ಮಾತ್ರ ಬೇರೆ.

“ನನಗೇನೋ ಗೊತ್ತಿತ್ತು? ಹೇಳ್ಬಹುದಿತ್ತಲ್ಲ ಅವಳು.”

“ಹೇಳ್ತಾ ಇದ್ಲಲ್ಲೋ” ಅಂದ ಡಬ್ಬ. “ಅದನ್ನೇ ಹೇಳ್ತಾ ಇದ್ಲು.”

ಅವನು ಹೋದ. ಆ ಸಂಜೆಯೇ ಅವಳ ಮನೆಗೆ ಹೋಗಬಹುದಿತ್ತು, ನಡೆದರೆ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಮುಂದಿನ ವಾರ ಹೋಗುತ್ತೇನೆ ಅಂದುಕೊಂಡೆ. ನಾಚಿಕೆಗೆ ಒಂದು ಗುಣವಿದೆ, ಬಡ್ಡಿಯಂತೆ ಬೆಳೆಯುತ್ತದೆ ಅನ್ನುತ್ತಾರಲ್ಲ, ಅದು ಸುಳ್ಳು. ನನ್ನದು ಬೆಳೆಯಲಿಲ್ಲ, ಒಣಗಿತು. ಒಣಗಿದ ಮೇಲೆ ಅದನ್ನು ನಗೆಚಾಟಿಕೆ ಮಾಡಿದೆ. ಪತ್ರಿಕೆಗೆ ಬರೆಯಲು ಶುರುಮಾಡಿದ ಮೇಲೆ ಇದೇ ಅಂಕಣದಲ್ಲಿ, ಎಲ್ಲ ಗೊತ್ತಿದ್ದೂ, ಆ ಭಾನುವಾರದ ಕಥೆಯನ್ನು ಮೂರು ಸಲ ಹೇಳಿದ್ದೇನೆ: ‘ನಮ್ಮ ತಂಡದಲ್ಲಿ ಒಬ್ಬಳು ಲಾಲಿ ಹಾಡಲು ಹೊರಟಾಗ ಪ್ಲಗ್ ಕಿತ್ತು ಪಂಕನ್ನು ಕಾಪಾಡಿದೆ.’ ಓದುಗರು ನಕ್ಕು ಕಾಗದ ಬರೆದರು. ಊರಿನ ಮಂತ್ರಿ ಮಾಗಧರಿಗೆಲ್ಲ ನಾಚಿಕೆಯಾಗಬೇಕು ಎಂದು ವಾರವಾರ ಬರೆಯುವವನ ಕಥೆ ಇದು.

ಹೋದ ಶನಿವಾರ ಮಧ್ಯಾಹ್ನ ಕೊನೆಗೂ ಹೋದೆ. ಮನೆ ಬದಲಾಗಿದೆ, ಮೂರನೆಯ ಮಹಡಿಯಲ್ಲಿ ಎರಡು ಕೋಣೆ. ತಾಯಿ ತೀರಿಕೊಂಡು ವರ್ಷಗಳಾದವು. ಡಬ್ಬ ಬೇರೆ ಊರಲ್ಲಿ ಬಸ್ಸು ಓಡಿಸುತ್ತಾನೆ. ಬಾಗಿಲು ತೆರೆದ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೂದಲು ಪೂರ್ತಿ ಬೆಳ್ಳಗೆ.

“ಗಂಟಲು. ಮೆಟ್ಟಿಲು ಹತ್ತಿ ಹತ್ತಿ ಉಸಿರೇ ಇಲ್ವಲ್ಲೋ. ಕಿರುಚೋದು ಹೇಗೆ ಇನ್ನು?”

ಒಳಗೆ ಕಿಟಕಿಯ ಪಕ್ಕ ಇನ್ನೊಬ್ಬ ಹೆಂಗಸು ಮಡಿಲಲ್ಲಿ ಮಕ್ಕಳ ಆಟದ ಕೀಬೋರ್ಡ್ ಇಟ್ಟುಕೊಂಡು ಕೂತಿದ್ದರು. ಬಲಗೈಯಲ್ಲಿ ಹೆಬ್ಬೆರಳೊಂದೇ. ಗೋಡೆಗೆ ಬೇಸ್ ಒರಗಿತ್ತು. ನೆಲದ ಮೇಲೆ ಡ್ರಮ್ ಬಾರಿಸುವ ಒಂದು ಪುಟ್ಟ ಯಂತ್ರ.

“ಯಾರೇ ಇವ್ರು?” ಅಂದರು ಜೋಡಿ.

“ಪ್ಲಗ್ ಕಿತ್ತವನು.”

“ಓ, ಇವರೇನಾ!” ಜೋಡಿಯ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಕುತೂಹಲ ಇತ್ತು. “ಪೇಪರಲ್ಲಿ ಬರೀತೀರಲ್ಲ, ತಪ್ಪದೆ ಓದ್ತೀನಿ. ಆ ದಿನದ್ದು ಬರೆದಿದ್ರಿ, ಲಾಲಿ ಹಾಡು, ತೊಟ್ಟಿಲು ಅಂತ. ಚೆನ್ನಾಗಿ ನಗಿಸ್ತೀರಪ್ಪ. ಆಸ್ಪತ್ರೇಲಿದ್ದೆ ನಾನು, ನೋಡೋಕಾಗ್ಲಿಲ್ಲ. ನಿಮ್ಮದು ಓದೇ ಗೊತ್ತಾಗಿದ್ದು ಹೇಗಾಯ್ತು ಅಂತ.”

ನೆಲ ಬಾಯಿಬಿಡಬಾರದೇ ಅನ್ನುವ ಮಾತನ್ನು ನೂರು ಸಲ ಬರೆದಿದ್ದೇನೆ. ಅವತ್ತು ಅದು ಮಾತಾಗಿರಲಿಲ್ಲ. ನಿಂತಲ್ಲೇ ನಿಂತು, ತಪ್ಪಾಯಿತು ಅಂದೆ. ಅಂದದ್ದು ಇಬ್ಬರಿಗೂ. ಮೂವತ್ತು ವರ್ಷ ಕಿರುಚಿದ ಗಂಟಲಿನಿಂದ ಅಷ್ಟು ಸಣ್ಣ ಮಾತು ಹೊರಡಲು ಎಷ್ಟು ಹೊತ್ತಾಯಿತೋ ದೇವರಿಗೇ ಗೊತ್ತು. ಅಕ್ಕ ಕುರ್ಚಿ ತೋರಿಸಿದಳು, ನೀರು ಕೊಟ್ಟಳು.

ಅವರಿಬ್ಬರೂ ಪ್ರತಿ ಶನಿವಾರ ನುಡಿಸುತ್ತಾರಂತೆ. ಕೇಳುವವರು ಯಾರೂ ಇಲ್ಲ. ನನ್ನೆದುರೇ ಒಂದು ನುಡಿಸಿದರು. ಯಂತ್ರದ ಟಕಟಕ, ಬೇಸಿನ ನಡಿಗೆ, ಅದರ ಮೇಲೆ ಜೋಡಿಯ ಎಡಗೈ ಒತ್ತುವ ಎರಡು ಸ್ವರಗಳು, ಎರಡೇ. ಬೇಕಾದ್ದಕ್ಕಿಂತ ಒಂದೂ ಹೆಚ್ಚಿಲ್ಲ. ಯಾರು ಬೇಕಾದರೂ ನುಡಿಸಬಹುದು ಎಂದು ನಾನು ಗೋಡೆಗೆ ಅಂಟಿಸಿದ್ದನ್ನು ಇವರು ಮಾಡುತ್ತ ಕೂತಿದ್ದರು.

ಇದಕ್ಕೆ ಪೋಸ್ಟ್-ಪಂಕ್ ಅನ್ನುತ್ತಾರೆ ಅಕ್ಕ ಎಂದು, ಹುಡುಗಿಗೆ ಈಗ ಇಲ್ಲಿ ಬರೆದ ಹಾಗೆಯೇ ಬಿಡಿಸಿ ಹೇಳಿದೆ.

“ಇದಕ್ಕೂ ಹೆಸರಿಟ್ರಾ?” ಅಂದಳು ಅಕ್ಕ. “ನಿಯಮ ಎಷ್ಟಿದೆಯಂತೆ?”

ಜೋಡಿ ಕಿಸಕ್ಕನೆ ನಕ್ಕರು. ನಾನು ಕೇಳಬಾರದಿತ್ತು, ಆದರೂ ಕೇಳಿದೆ.

“ಅಕ್ಕ, ಆ ಹಾಡು. ಅದರ ಕೊನೆ ಒಂದು ಸಲ ನುಡಿಸ್ತೀಯಾ?”

“ಇಲ್ಲ ಕಣೋ.”

“ನಾನೊಬ್ಬನೇ ಕೇಳೋದು. ಎಲ್ಲೂ ಬರೆಯಲ್ಲ.”

“ಅದಕ್ಕೇ ಇಲ್ಲ. ಅದು ನಿನ್ನೊಬ್ಬನಿಗೆ ಮಾಡಿದ್ದಲ್ಲ. ಆ ನಲವತ್ತು ಜನಕ್ಕೆ, ಆ ಭಾನುವಾರಕ್ಕೆ ಮಾಡಿದ್ದು. ಅವರಲ್ಲಿ ಅರ್ಧ ಜನ ಈಗ ಇಲ್ಲ. ನಿನಗೆ ಸಮಾಧಾನ ಆಗ್ಲಿ ಅಂತ ನುಡಿಸ್ಲಾ?”

ಅಕ್ಕ ಬೇಸನ್ನು ಗೋಡೆಗೆ ಒರಗಿಸಿದಳು.

“ಪೇಪರಲ್ಲಿ ಅದನ್ನ ಎಷ್ಟು ಸಲ ಬರೆದೆ?”

“ಮೂರು.”

“ನಾಲ್ಕನೇ ಸಲ ಬರಿ ಹಾಗಾದ್ರೆ. ಚೆನ್ನಾಗಿ ಬರೀಬೇಡ, ಸರಿಯಾಗಿ ಬರಿ. ಪಟ್ಟಿ ವಿಷ್ಯ ಬರಿ. ಅಜಾಗರೂಕತೆ ಅಂತ ಅವಳ ಹೆಸರ ಮುಂದೆ ಇವತ್ತಿಗೂ ಇದೆ.”

ಬರೆಯುತ್ತಿದ್ದೇನೆ. ಈ ಅಂಕಣದಲ್ಲಿ ಮೂರು ಸಲ ಬಂದ ಕಥೆ ಸುಳ್ಳು. ಆ ದಿನ ಯಾರೂ ಲಾಲಿ ಹಾಡಲಿಲ್ಲ, ಯಾರೂ ಬೇಸತ್ತು ಏಳಲಿಲ್ಲ. ಉರುಳೆಯ ಅಡ್ಡಪಟ್ಟಿಯನ್ನು ತಂತಿಯಿಂದ ಎತ್ತಿ ಕಟ್ಟಲಾಗಿತ್ತು, ಬೆರಳು ಕಳೆದುಕೊಂಡವರ ತಪ್ಪು ಏನೂ ಇರಲಿಲ್ಲ. ಪಟ್ಟಿ ಕಟ್ಟಿದ್ದನ್ನು ದಿನಾ ನೋಡಿದ್ದ ನಲವತ್ತು ಜನ ಅಲ್ಲಿ ಸೇರಿದ್ದರು, ಇಬ್ಬರು ಏಳುವುದರಲ್ಲಿದ್ದರು. ಅವರನ್ನು ಕೂರಿಸಿದವನು ನಾನು. ಆ ನಲವತ್ತರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಪಟ್ಟಿ ಕಟ್ಟಿದ್ದನ್ನು ನೋಡಿದ್ದರೆ, ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನಾನು ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕಿಸುತ್ತೇನೆ.